ರೌಟರ್ ಹಸಿರು ತೋರಿಸುತ್ತದೆ, ಅರ್ಧ ಪುಟಗಳು ತೆರೆಯುವುದಿಲ್ಲ: ಎರಡು ಲೈನುಗಳ ಗೇಟ್‌ವೇ ತಪಾಸಣೆ ಹೇಗಿರಬೇಕು?

ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ತೆರಿಗೆ ಸಲಹೆಗಾರರ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಲೈನು, ಆಪತ್ತಿಗಿರಲಿ ಎಂದು ಒಂದು 4ಜಿ ರೌಟರ್. ಮೂರನ್ನೂ ಹಿಡಿದು ನಡೆಸುವುದು ಹಳೆಯ ಕಂಪ್ಯೂಟರಿನ ಮೇಲೆ ಹಾಕಿದ ಪಿಎಫ್‌ಸೆನ್ಸ್ ಎಂಬ ರೌಟರ್ ತಂತ್ರಾಂಶ. ಎರಡೂ ಫೈಬರ್ ಮೊದಲ ಟಿಯರ್‌ನಲ್ಲಿವೆ (ಟಿಯರ್ ಎಂದರೆ ಆದ್ಯತೆಯ ಹಂತ), ಹಾಗಾಗಿ ಹೊಸ ಸಂಪರ್ಕಗಳು ಎರಡಕ್ಕೂ ಹಂಚಿಹೋಗುತ್ತವೆ. 4ಜಿ ಎರಡನೆಯ ಟಿಯರ್‌ನಲ್ಲಿದೆ.

ಕಳೆದ 20ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ, ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಗದ್ದಲ ಶುರುವಾಯಿತು. ಪುಟ ಒಮ್ಮೆ ತೆರೆಯುತ್ತದೆ, ಮರುಗಳಿಗೆ ತೆರೆಯುವುದಿಲ್ಲ. ಒಬ್ಬರಿಗೆ ಸರಿ ಇದೆ, ಪಕ್ಕದ ಮೇಜಿನವರಿಗೆ ಇಲ್ಲ. ರೌಟರಿನ ಪುಟ ನೋಡಿದರೆ ಮೂರು ಗೇಟ್‌ವೇಗಳೂ (ಒಂದೊಂದು ಲೈನಿನ ಹೊರಬಾಗಿಲು) ಹಸಿರು. ಮೊದಲ ಫೈಬರಿನ ಲೇಟೆನ್ಸಿ, ಅಂದರೆ ಉತ್ತರ ಬರಲು ಹಿಡಿಯುವ ಸಮಯ, 0.4 ಮಿಲಿಸೆಕೆಂಡ್; ಪ್ಯಾಕೆಟ್ ನಷ್ಟ (ದಾರಿಯಲ್ಲಿ ಕಳೆದುಹೋದ ದತ್ತಾಂಶದ ತುಣುಕುಗಳು) ಸೊನ್ನೆ. ಬೇಸರದಿಂದ ಆ ಲೈನಿನ ತಂತಿ ಕಿತ್ತು ಬಿಸಾಡಿದ ಮೇಲೆ ಎಲ್ಲವೂ ಸರಿಹೋಯಿತು. ಸಂಜೆ ಕಂಪನಿಯವರು ಬಂದು, ರಸ್ತೆ ಅಗೆಯುವಾಗ ಫೈಬರ್ ತುಂಡಾಗಿತ್ತು ಎಂದು ಹೇಳಿ ಜೋಡಿಸಿ ಹೋದರು.

ಲೈನು ಸತ್ತಿದ್ದರೂ ರೌಟರ್ ಅದನ್ನು ಬದುಕಿದೆ ಎಂದು ಹೇಗೆ ತಿಳಿಯಿತು? ತಪಾಸಣೆಯ ಯಾವ ಸೆಟ್ಟಿಂಗನ್ನೂ ನಾನು ಮುಟ್ಟಿಲ್ಲ, ಎಲ್ಲ ಮೊದಲಿನಿಂದ ಇದ್ದಂತೆಯೇ ಇದೆ.

ಸಾಧನಕೇರಿ, ಧಾರವಾಡ

ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ: 0.4 ಮಿಲಿಸೆಕೆಂಡ್. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರಿನ ಆಸುಪಾಸು, ಹೋಗಿ ಬರಲು ಬೆಳಕಿಗೇ ನಾಲ್ಕು ಮಿಲಿಸೆಕೆಂಡ್ ಬೇಕು. ಊರೊಳಗಿನ ಕಂಪನಿಯ ಕೇಂದ್ರವನ್ನೇ ಮುಟ್ಟಿ ಬಂದರೂ ಮನೆ-ಕಚೇರಿಗಳಿಗೆ ಕೊಡುವ ಫೈಬರ್ ಲೈನಿನಲ್ಲಿ ಒಂದೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. 0.4 ಎಂದರೆ ಉತ್ತರ ಕೊಡುತ್ತಿರುವ ಯಂತ್ರ ನಿಮ್ಮ ಮೇಜಿನ ಮೇಲೆಯೇ ಇದೆ.

ಅದು ಕಂಪನಿಯವರು ಕೊಟ್ಟ ಒಎನ್‌ಟಿ ಪೆಟ್ಟಿಗೆ, ಫೈಬರಿನ ಬೆಳಕನ್ನು ಸಾಮಾನ್ಯ ನೆಟ್‌ವರ್ಕ್ ತಂತಿಗೆ ಬದಲಿಸಿ ಕೊಡುವಂಥದ್ದು. ಅದನ್ನು ಬ್ರಿಜ್ ಮಾಡದೆ (ಬರೀ ಸೇತುವೆಯಾಗಿಸದೆ) ರೌಟರ್ ಆಗಿಯೇ ಬಿಟ್ಟಿದ್ದರೆ ಪಿಎಫ್‌ಸೆನ್ಸ್‌ಗೆ ಗೇಟ್‌ವೇ ಎಂದರೆ ಆ ಪೆಟ್ಟಿಗೆಯೇ. 192.168.1.1 ಎಂದೇನಾದರೂ ಕಾಣುತ್ತಿದೆಯೇ ನೋಡಿ. ಯಾರನ್ನು ಕೇಳಿ ತಪಾಸಣೆ ಮಾಡಬೇಕೆಂದು ಹೇಳುವ ಮಾನಿಟರ್ ವಿಳಾಸದ ಜಾಗ ಖಾಲಿ ಬಿಟ್ಟರೆ ಪಿಎಫ್‌ಸೆನ್ಸ್ ಗೇಟ್‌ವೇಯನ್ನೇ ಪಿಂಗ್ ಮಾಡುತ್ತದೆ, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ ಇದ್ದೀಯಾ ಎಂದು ಕೇಳುತ್ತದೆ. ಹೊರಗೆ ಜೆಸಿಬಿ ಫೈಬರನ್ನು ಎಳೆದುಕೊಂಡು ಹೋದರೂ ಯುಪಿಎಸ್‌ನಲ್ಲಿ ಚಾರ್ಜ್ ಇರುವವರೆಗೆ ಒಎನ್‌ಟಿ ಪಿಂಗ್‌ಗೆ ಉತ್ತರಿಸುತ್ತಲೇ ಇರುತ್ತದೆ. ಸಂಪರ್ಕಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಅದನ್ನು ನಂಬಿ ಹೊಸ ಸಂಪರ್ಕಗಳಲ್ಲಿ ಅರ್ಧದಷ್ಟನ್ನು ಆ ಕಡೆಗೆ ಕಳಿಸುತ್ತಲೇ ಇರುತ್ತದೆ. ಅರ್ಧ ಪುಟ ತೆರೆಯುವ ವಿಚಿತ್ರಕ್ಕೆ ಕಾರಣ ಇದೇ. ಒಂದೇ ಲೈನಿದ್ದ ಕಚೇರಿಯಲ್ಲಾದರೆ ಇಂಟರ್‌ನೆಟ್ ಪೂರ್ತಿ ನಿಲ್ಲುತ್ತಿತ್ತು, ಎಲ್ಲರಿಗೂ ಒಂದೇ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಎರಡು ಲೈನು ತೆಗೆದುಕೊಂಡು ತಪಾಸಣೆ ಸರಿಯಿಲ್ಲದಿದ್ದರೆ ಒಂದು ಲೈನಿನವರಿಗಿಂತ ಹೆಚ್ಚು ಗೋಳು.

ಪರಿಹಾರ: ಪ್ರತಿ ಗೇಟ್‌ವೇಗೂ ಕಂಪನಿಯ ಜಾಲದಿಂದ ಆಚೆ ಇರುವ ಒಂದು ವಿಳಾಸವನ್ನು ಮಾನಿಟರ್ ಎಂದು ಕೊಡಿ. ಒಂದಕ್ಕೆ 8.8.8.8, ಇನ್ನೊಂದಕ್ಕೆ 1.1.1.1, ಮೂರನೆಯದಕ್ಕೆ 9.9.9.9. ಎರಡಕ್ಕೆ ಒಂದೇ ವಿಳಾಸ ಕೊಡಲು ಹೋದರೆ ಪಿಎಫ್‌ಸೆನ್ಸ್ ಒಪ್ಪುವುದಿಲ್ಲ.

ಹಳೇ ಮೋಡೆಮ್, ಹುಬ್ಬಳ್ಳಿ

ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ನಮ್ಮ ಕಾಲದಲ್ಲಿ ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತಿತ್ತು, ಬೆಂಗಳೂರಿಗೆ ಟ್ರಂಕ್ ಲೈನೇ ಇರುತ್ತಿರಲಿಲ್ಲ. ಟೋನ್ ಇದೆಯಲ್ಲ, ನಿಮ್ಮ ಎಕ್ಸ್‌ಚೇಂಜ್ ಸರಿ ಇದೆಯಲ್ಲ ಎಂದು ಗ್ರಾಹಕರು ನಮ್ಮೊಡನೆಯೇ ವಾದಕ್ಕೆ ನಿಲ್ಲುತ್ತಿದ್ದರು. ಈಗ ಅದೇ ವಾದವನ್ನು ರೌಟರ್ ಮಾಡುತ್ತಿದೆ.

ಟೋಲ್‌ನಾಕಾ, ಧಾರವಾಡ

ಸಾಧನಕೇರಿಯವರು ಹೇಳಿದ ಮೊದಲ ಭಾಗ ಸರಿ, ಎರಡನೆಯದಕ್ಕೆ ನನ್ನ ತಕರಾರು ಇದೆ. 8.8.8.8 ಗೂಗಲ್‌ನ ಡಿಎನ್‌ಎಸ್, ಅದು ಇರುವುದು ವೆಬ್‌ಸೈಟಿನ ಹೆಸರನ್ನು ವಿಳಾಸವಾಗಿ ಬದಲಿಸಿ ಕೊಡಲಿಕ್ಕೆ. ಪಿಂಗ್‌ಗೆ ಉತ್ತರ ಕೊಡುವುದು ಅವರ ದೊಡ್ಡತನ, ಕರಾರು ಅಲ್ಲ. ನಾಳೆ ಪಿಂಗ್‌ಗೆ ಮಿತಿ ಹಾಕಿದರೆ ನಿಮ್ಮ ಒಳ್ಳೆಯ ಲೈನು ಸತ್ತಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಿಂಗ್ ಬಂತು ಎಂದರೆ ಪುಟ ತೆರೆಯುತ್ತದೆ ಎಂದು ಅರ್ಥವಲ್ಲ. ಪಿಪಿಪಿಒಇ ಲೈನಿನಲ್ಲಿ (ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಲೈನು) ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್ ಇರುವಲ್ಲಿ 1500 ಎಂದು ತಪ್ಪಾಗಿ ಹಾಕಿದ್ದರೆ ಸಣ್ಣ ಪಿಂಗ್ ಸಲೀಸಾಗಿ ಹೋಗಿ ಬರುತ್ತದೆ, ದೊಡ್ಡ ಪ್ಯಾಕೆಟ್ ಎಲ್ಲೋ ಕಾಣೆಯಾಗುತ್ತದೆ. ಕಂಪನಿಯ ಡಿಎನ್‌ಎಸ್ ಕೆಟ್ಟಿದ್ದರೂ ಪಿಂಗ್‌ಗೆ ಅದು ಕಾಣುವುದಿಲ್ಲ.

ಸರ್ವರ್‌ಗಳ ಮುಂದೆ ಲೋಡ್ ಬ್ಯಾಲೆನ್ಸರ್ ಇಡುವ ನಾವು ಪಿಂಗ್ ನಂಬುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಎಚ್‌ಎ ಪ್ರಾಕ್ಸಿ ಎಂಬ ಅಂಥ ತಂತ್ರಾಂಶದಲ್ಲಿ ನಿಜವಾದ ಒಂದು ಪುಟವನ್ನೇ ಕೇಳಿ, 200 (ಎಲ್ಲ ಸರಿ) ಎಂಬ ಉತ್ತರ ಬಂದರೆ ಮಾತ್ರ ಸರ್ವರ್ ಬದುಕಿದೆ ಎನ್ನುತ್ತೇವೆ. ಲೈನುಗಳಿಗೂ ಅದನ್ನೇ ಮಾಡಿ.

ಸಾಧನಕೇರಿ, ಧಾರವಾಡ

ಟೋಲ್‌ನಾಕಾ ಸಾಹೇಬರೇ, ಸರ್ವರ್ ನಿಮ್ಮದು. ಅದರಲ್ಲಿ ಯಾವ ಪುಟ ಇರಬೇಕು ಎಂದು ತೀರ್ಮಾನಿಸುವವರೂ ನೀವೇ. ಇವರು ಪರೀಕ್ಷಿಸಬೇಕಾಗಿರುವುದು ಲೈನನ್ನು. ಇನ್ಯಾರದೋ ವೆಬ್‌ಸೈಟ್ ಪುಟವನ್ನು ಲೈನಿನ ಪರೀಕ್ಷೆಗೆ ಬಳಸಿದರೆ, ಆ ವೆಬ್‌ಸೈಟ್ ಕೆಟ್ಟ ದಿನ ಇವರ ಲೈನು ಕೆಟ್ಟಿತೆಂದು ತೋರುತ್ತದೆ. 20ನೇ ತಾರೀಖು ಜಿಎಸ್‌ಟಿ ಪೋರ್ಟಲನ್ನೇ ಮಾನಿಟರ್ ಮಾಡಿ ಕೂತರೆ ದೇವರೇ ಗತಿ!

ಪಿಂಗ್ ಒರಟು ಸಾಧನ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಊರುಗಳಲ್ಲಿ ಲೈನು ಹೋಗುವ ಕಾರಣಗಳೂ ಒರಟೇ: ಅಗೆತ, ಕಂಬ ಬೀಳುವುದು, ಕರೆಂಟು ಹೋಗಿ ನಡುವಿನ ಪೆಟ್ಟಿಗೆ ಆರುವುದು. ಅಷ್ಟಕ್ಕೆ ಪಿಂಗ್ ಸಾಕು. ಎಂಟಿಯು ತಪ್ಪಿದ್ದರೆ ಅದು ಜೋಡಣೆಯ ದಿನವೇ ಹಿಡಿಯಬೇಕಾದ ದೋಷ, ತಪಾಸಣೆ ಪ್ರತಿ ಅರ್ಧ ಸೆಕೆಂಡಿಗೆ ಹುಡುಕಬೇಕಾದದ್ದಲ್ಲ.

ಬೆಟಗೇರಿ ತಂತಿ, ಗದಗ

ನಾನು ಕಂಬ ಹತ್ತಿ ಫೈಬರ್ ಜೋಡಿಸುವವನು, ಸೆಟ್ಟಿಂಗುಗಳ ವಿಷಯ ನೀವು ಮಾತನಾಡಿ. ಒಂದು ಮಾತು ಮಾತ್ರ ಕೇಳುತ್ತೇನೆ. ಆ ಎರಡು ಕಂಪನಿಗಳ ಫೈಬರ್ ಕಚೇರಿಗೆ ಬರುವ ದಾರಿಯನ್ನು ಹೊರಗೆ ನಿಂತು ಯಾರಾದರೂ ಕಣ್ಣಾರೆ ನೋಡಿದ್ದೀರಾ? ಬಿಲ್ಲಿನ ಮೇಲೆ ಎರಡು ಕಂಪನಿ ಇರುತ್ತವೆ, ಕಂಬದ ಮೇಲೆ ಒಂದೇ ಕಟ್ಟು. ಎಷ್ಟೋ ಬೀದಿಗಳಲ್ಲಿ ಎರಡೂ ಕೇಬಲನ್ನು ಒಂದೇ ಕಂಬಕ್ಕೆ, ಒಂದೇ ಕೊಕ್ಕೆಗೆ ಬಿಗಿದಿರುತ್ತೇವೆ. ಲಾರಿಯ ಮೇಲಿನ ಹುಲ್ಲಿನ ಹೊರೆ ತಗುಲಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆಗ ಯಾವ ತಪಾಸಣೆ ಏನು ಮಾಡೀತು?

ವಿದ್ಯಾನಗರ, ಹುಬ್ಬಳ್ಳಿ

ಬೆಟಗೇರಿಯ ಅಣ್ಣನವರ ಮಾತು ಕೇಳಿ ಹೊರಗೆ ಹೋಗಿ ನೋಡಿದೆ. ಕೊನೆಯ ಮೂರು ಕಂಬಗಳಲ್ಲಿ ಎರಡೂ ಜೊತೆಯಾಗಿಯೇ ಬರುತ್ತಿವೆ. 4ಜಿ ರೌಟರಿಗೆ ಇನ್ನು ಮೇಲೆ ಹೆಚ್ಚು ಮರ್ಯಾದೆ ಕೊಡಬೇಕು.

ಅಕ್ಕಾವರೇ, ಊಹೆ ಸರಿಯಾಗಿತ್ತು. ಎರಡೂ ಒಎನ್‌ಟಿಗಳು ರೌಟರ್ ಆಗಿಯೇ ಇದ್ದವು. ನೀವು ಹೇಳಿದ ಮೂರು ವಿಳಾಸಗಳನ್ನು ಹಾಕಿದೆ. ಒಂದು ವಾರ ಚೆನ್ನಾಗಿತ್ತು. ಈಗ ಎರಡು ಹೊಸ ತಲೆನೋವು ಬಂದಿವೆ.

ಒಂದು: ಮೊದಲ ಫೈಬರ್ ನಿನ್ನೆ ಮತ್ತೆ ಹೋಯಿತು. ಈ ಸಲ ರೌಟರ್ ಅದನ್ನು ಕೆಂಪು ಎಂದು ಸರಿಯಾಗಿ ತೋರಿಸಿತು. ಹಾಗಿದ್ದರೂ ನಾಲ್ಕೈದು ಕಂಪ್ಯೂಟರುಗಳಲ್ಲಿ ಯಾವ ಪುಟವೂ ತೆರೆಯಲಿಲ್ಲ, ಉಳಿದವುಗಳಲ್ಲಿ ಏನೂ ತೊಂದರೆ ಇಲ್ಲ.

ಎರಡು: ಸಂಜೆ ಆರರ ನಂತರ ಲೈನುಗಳು ಕೆಂಪು, ಹಸಿರು, ಕೆಂಪು ಎಂದು ಹೊರಳಾಡುತ್ತವೆ. ಆ ಹೊತ್ತಿಗೆ ಕಚೇರಿಯಲ್ಲಿ ಜನ ಇರುವುದಿಲ್ಲ, ಹಾಗಾಗಿ ಲೈನಿನ ಮೇಲೆ ಹೊರೆ ಇರುವ ಮಾತೇ ಇಲ್ಲ.

ಸಾಧನಕೇರಿ, ಧಾರವಾಡ

ಮೊದಲನೆಯದನ್ನು ಹೇಳುತ್ತೇನೆ. ಆ ನಾಲ್ಕೈದು ಕಂಪ್ಯೂಟರುಗಳಲ್ಲಿ ಡಿಎನ್‌ಎಸ್ ಎಂದು ಯಾರೋ 8.8.8.8 ಅನ್ನು ಕೈಯಾರೆ ಬರೆದಿಟ್ಟಿರಬೇಕು. ಮಾನಿಟರ್ ವಿಳಾಸ ಕೊಟ್ಟ ಕೂಡಲೇ ಪಿಎಫ್‌ಸೆನ್ಸ್ ಆ ವಿಳಾಸಕ್ಕೆ ಆ ಲೈನಿನ ಮೂಲಕವೇ ಹೋಗಬೇಕು ಎಂದು ಒಂದು ಸ್ಥಿರ ಮಾರ್ಗ ಬರೆದುಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಯಾವ ಲೈನನ್ನು ಅಳೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ, ಆದ್ದರಿಂದ ಅದು ಬೇಕು. ಆದರೆ ಮೊದಲ ಲೈನು ಸತ್ತಾಗ 8.8.8.8ಗೆ ಹೋಗುವ ದಾರಿಯೂ ಸಾಯುತ್ತದೆ. ಹೆಸರು ಕೇಳಲು ಅದನ್ನೇ ನಂಬಿದ ಕಂಪ್ಯೂಟರಿಗೆ ಇಂಟರ್‌ನೆಟ್ ಇದ್ದೂ ಇಲ್ಲದಂತೆ.

ಕಂಪ್ಯೂಟರುಗಳೆಲ್ಲ ಹೆಸರನ್ನು ಪಿಎಫ್‌ಸೆನ್ಸ್ ಬಳಿಯೇ ಕೇಳುವಂತೆ ಮಾಡಿ. ಪಿಎಫ್‌ಸೆನ್ಸ್ ಯಾರನ್ನಾದರೂ ಕೇಳುವುದಿದ್ದರೆ ಪ್ರತಿ ಲೈನಿಗೂ ಒಂದೊಂದು ಡಿಎನ್‌ಎಸ್ ಇರಲಿ. ಇನ್ನೊಂದು ಸಂಗತಿ: ಪಿಎಫ್‌ಸೆನ್ಸ್ ಯಂತ್ರದ ಸ್ವಂತ ಸಂಚಾರ ಗೇಟ್‌ವೇ ಗುಂಪಿನ ನಿಯಮಗಳ ಮೂಲಕ ಹೋಗುವುದಿಲ್ಲ. ಅದು ಹಿಡಿಯುವುದು ಡೀಫಾಲ್ಟ್ ಗೇಟ್‌ವೇಯನ್ನು. ಅಲ್ಲಿಯೂ ಒಂದು ಫೇಲ್‌ಓವರ್ ಗುಂಪನ್ನೇ (ಒಂದು ಲೈನು ಬಿದ್ದರೆ ಇನ್ನೊಂದು ಹಿಡಿಯುವ ಗುಂಪು) ಆಯ್ಕೆ ಮಾಡಿಡಿ. ಇಲ್ಲದಿದ್ದರೆ ಜನರಿಗೆ ಲೈನಿರುತ್ತದೆ, ರೌಟರಿಗೆ ಇರುವುದಿಲ್ಲ.

ಎರಡನೆಯದಕ್ಕೆ ಒಂದು ಮರುಪ್ರಶ್ನೆ. ಸಂಜೆ ಆರಕ್ಕೆ ಬ್ಯಾಕಪ್ ಓಡುತ್ತದೆಯೇ?

ವಿದ್ಯಾನಗರ, ಹುಬ್ಬಳ್ಳಿ

ಹೌದು, ದಿನದ ಲೆಕ್ಕಪತ್ರದ ಕಡತಗಳೆಲ್ಲ ಸಂಜೆ ಆರಕ್ಕೆ ಕ್ಲೌಡ್‌ಗೆ ಏರುತ್ತವೆ. ಡಿಎನ್‌ಎಸ್ ವಿಷಯವೂ ನೀವು ಹೇಳಿದಂತೆಯೇ ಇತ್ತು. ಹಿಂದೆ ಯಾರೋ ಕಂಪ್ಯೂಟರ್ ರಿಪೇರಿಗೆ ಬಂದವರು ಬರೆದು ಹೋಗಿದ್ದರು.

ಟೋಲ್‌ನಾಕಾ, ಧಾರವಾಡ

ಹಾಗಿದ್ದರೆ ಇದು ನನ್ನ ವಿಷಯ. ಜನ ಇಲ್ಲದಿದ್ದರೇನಂತೆ, ಬ್ಯಾಕಪ್ ಒಂದೇ ಮೇಲ್ಮುಖ ದಾರಿಯನ್ನು ಪೂರ್ತಿ ತುಂಬುತ್ತದೆ. ಒಎನ್‌ಟಿಯ ಬಫರಿನಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಲ್ಲುತ್ತವೆ, ನಿಮ್ಮ ಪಿಂಗ್ ಕೂಡ ಅದೇ ಸಾಲಿನ ಕೊನೆಗೆ ನಿಲ್ಲಬೇಕು. 20 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ 600ಕ್ಕೆ ಹೋಗುತ್ತದೆ. ಪಿಎಫ್‌ಸೆನ್ಸ್‌ನ ಡೀಫಾಲ್ಟ್ ಮಿತಿಗಳು, ಕೆಳಗಿನದು ಮತ್ತು ಮೇಲಿನದು, ಲೇಟೆನ್ಸಿಗೆ 200 ಮತ್ತು 500 ಮಿಲಿಸೆಕೆಂಡ್, ಪ್ಯಾಕೆಟ್ ನಷ್ಟಕ್ಕೆ ಶೇ 10 ಮತ್ತು 20. ಸರಾಸರಿ 500 ದಾಟಿದ ಕೂಡಲೇ ಲೈನು ಕೆಂಪು. ಹೊಸ ಸಂಪರ್ಕಗಳೆಲ್ಲ ಎರಡನೆಯ ಲೈನಿಗೆ ಹೋಗುತ್ತವೆ, ಬ್ಯಾಕಪ್ಪೂ ಅಲ್ಲಿಗೆ ಹಾರುತ್ತದೆ, ಅದೂ ತುಂಬುತ್ತದೆ, ಅದೂ ಕೆಂಪು. ಅಷ್ಟರಲ್ಲಿ ಮೊದಲನೆಯದು ಖಾಲಿಯಾಗಿ ಹಸಿರಾಗಿರುತ್ತದೆ. ರಾತ್ರಿಯಿಡೀ ಈ ಕಬಡ್ಡಿ ನಡೆಯುತ್ತದೆ.

ತಪಾಸಣೆ ಅಳೆಯಬೇಕಾದದ್ದು ಲೈನು ಇದೆಯೋ ಇಲ್ಲವೋ ಎಂಬುದನ್ನು. ನೀವು ಅದರ ಕೈಯಲ್ಲಿ ಹೊರೆ ಅಳೆಸುತ್ತಿದ್ದೀರಿ. ಗೇಟ್‌ವೇ ಗುಂಪಿನ ಟ್ರಿಗರ್ (ಲೈನನ್ನು ಯಾವಾಗ ಬಿಡಬೇಕೆಂಬ ಷರತ್ತು) ಏನಿದೆ?

ವಿದ್ಯಾನಗರ, ಹುಬ್ಬಳ್ಳಿ

‘ಪ್ಯಾಕೆಟ್ ನಷ್ಟ ಅಥವಾ ಹೆಚ್ಚಿನ ಲೇಟೆನ್ಸಿ’ ಎಂದಿದೆ. ಎರಡನ್ನೂ ನೋಡಿದರೆ ಒಳ್ಳೆಯದಲ್ಲವೇ ಎಂದು ಅದನ್ನು ಆರಿಸಿದ್ದೆ.

ಟೋಲ್‌ನಾಕಾ, ಧಾರವಾಡ

ಹೆಸರು ನೋಡಿದರೆ ಎಲ್ಲರಿಗೂ ಹಾಗೆಯೇ ಅನಿಸುತ್ತದೆ. ಆ ಆಯ್ಕೆಗಳು ಕೆಳಗಿನ ಮಿತಿಯನ್ನು ನೋಡುತ್ತವೆ: ನಷ್ಟ ಶೇ 10 ಅಥವಾ ಲೇಟೆನ್ಸಿ 200 ದಾಟಿದರೆ ಸಾಕು, ಲೈನನ್ನು ಗುಂಪಿನಿಂದ ಹೊರಗಿಡುತ್ತವೆ. ‘ಮೆಂಬರ್ ಡೌನ್’ ಎಂಬ ಆಯ್ಕೆ ಮೇಲಿನ ಮಿತಿ ದಾಟಿದಾಗ ಮಾತ್ರ ಲೈನು ಬಿಡಿಸುತ್ತದೆ. ಅದಕ್ಕೆ ಬದಲಿಸಿ. ಆದರೂ ಮೇಲಿನ ಮಿತಿಯಲ್ಲಿ ಲೇಟೆನ್ಸಿಯೂ ಸೇರಿದೆ ಎಂಬುದು ನೆನಪಿರಲಿ, ಆದ್ದರಿಂದ 500 ಅನ್ನು ಫೈಬರಿಗೆ 1500ರಷ್ಟಕ್ಕೆ ಏರಿಸಿ. ನಿಮ್ಮ ಫೈಬರಿನಲ್ಲಿ ಲೇಟೆನ್ಸಿ ಏರಿದರೆ ಅದು ಬಹುಪಾಲು ನಿಮ್ಮದೇ ಹೊರೆ, ಕಂಪನಿಯ ದೋಷ ಅಲ್ಲ.

ಮೂಲ ಔಷಧ ಬೇರೆ. ಬ್ಯಾಕಪ್‌ನ ವೇಗಕ್ಕೆ ಕಡಿವಾಣ ಹಾಕಿ, ಇಲ್ಲವೇ ವೇಗಕ್ಕೆ ಮಿತಿ ಹಾಕುವ ಪಿಎಫ್‌ಸೆನ್ಸ್‌ನ ಲಿಮಿಟರ್‌ನಲ್ಲಿ, ಪ್ಯಾಕೆಟ್‌ಗಳ ಸಾಲನ್ನು ಚಿಕ್ಕದಾಗಿಡುವ ಎಫ್‌ಕ್ಯೂ-ಕೋಡೆಲ್ ವಿಧಾನ ಹಾಕಿ ಮೇಲ್ಮುಖ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಹಿಡಿಯಿರಿ. ಸಾಲು ಒಎನ್‌ಟಿಯೊಳಗೆ ಬೆಳೆಯುವುದು ನಿಂತರೆ ಪಿಂಗ್ ತಾನೇ ಸರಿಹೋಗುತ್ತದೆ.

ಮೆಣಸಿನಕಾಯಿ ಪೇಟೆ, ಬ್ಯಾಡಗಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬ್ಯಾಡಗಿಯಲ್ಲಿ ನಮ್ಮದು ದಲಾಲಿ ಅಂಗಡಿ. ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಲಾಟ್‌ಗಳಿಗೆ ದರ ನಮೂದಿಸುವ ಆ ಹೊತ್ತಿನಲ್ಲಿ ಲೈನು ಹೋದರೆ ಡಬ್ಬಿ ಕಾಯಿಯೂ ಒಂದೇ, ಕಡ್ಡಿ ಕಾಯಿಯೂ ಒಂದೇ, ನಮಗೆ ಯಾವುದೂ ಇಲ್ಲ. ನಮ್ಮಲ್ಲಿ ಇರುವುದು ಮೈಕ್ರೋಟಿಕ್ ರೌಟರ್, ಒಂದು ಫೈಬರ್, ಒಂದು 4ಜಿ. ಜೋಡಿಸಿದ ಹುಡುಗ ಗೇಟ್‌ವೇ ತಪಾಸಣೆಗೆ ಪಿಂಗ್ ಹಾಕಿದ್ದೇನೆ ಎಂದಿದ್ದಾನೆ. ಲೈನು ಹೋದಾಗ 4ಜಿಗೆ ಬದಲಾಗಲು ಬಹಳ ಹೊತ್ತು ಹಿಡಿಯುತ್ತದೆ. ನನಗೆ ಒಂದು ಸೆಕೆಂಡಿನಲ್ಲಿ ಬದಲಾಗಬೇಕು. ಆಗುತ್ತದೆಯೇ?

ಸಾಧನಕೇರಿ, ಧಾರವಾಡ

ಬ್ಯಾಡಗಿ ಸಾಹುಕಾರರೇ, ಒಂದು ಸೆಕೆಂಡು ಎಂಬ ಆಸೆ ಬಿಡಿ.

ಮೈಕ್ರೋಟಿಕ್‌ನ ಗೇಟ್‌ವೇ ತಪಾಸಣೆ 10 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುತ್ತದೆ. ಎರಡು ಬಾರಿ ಉತ್ತರ ಬಾರದಿದ್ದರೆ ಲೈನು ಸತ್ತಿತೆಂದು ತೀರ್ಮಾನಿಸುತ್ತದೆ. ಅಂದರೆ ಸುಮಾರು 20 ಸೆಕೆಂಡ್ ನಿಮ್ಮ ದರ ಗಾಳಿಗೆ ಹೋಗುತ್ತಿರುತ್ತದೆ. ಈ 10 ಸೆಕೆಂಡಿನ ಅಂತರವನ್ನು ಮಾರ್ಗದ ಸೆಟ್ಟಿಂಗಿನಲ್ಲಿ ಬದಲಿಸಲು ಜಾಗವಿಲ್ಲ. ನೆಟ್‌ವಾಚ್ ಎಂಬ ಸಾಧನ ಅದರಲ್ಲೇ ಇದೆ. ಅದರ ಅಂತರವನ್ನು ನೀವೇ ಇಟ್ಟುಕೊಳ್ಳಬಹುದು, ಲೈನು ಬಿದ್ದಾಗ ಯಾವ ಮಾರ್ಗ ನಿಲ್ಲಿಸಬೇಕು ಎಂಬ ಸ್ಕ್ರಿಪ್ಟ್ ಬರೆಯಬಹುದು. ಮೈಕ್ರೋಟಿಕ್ ತಂತ್ರಾಂಶದ ಏಳನೆಯ ಆವೃತ್ತಿಯಲ್ಲಿ ಪಿಂಗ್ ಅಲ್ಲದೆ ಟಿಸಿಪಿ ಸಂಪರ್ಕ, ಎಚ್‌ಟಿಟಿಪಿ ಪುಟವನ್ನೂ ಅದು ಪರೀಕ್ಷಿಸುತ್ತದೆ. ಟೋಲ್‌ನಾಕಾ ಸಾಹೇಬರಿಗೆ ಸಂತೋಷವಾಗಲಿ.

ಅದಕ್ಕೂ ಮೊದಲು ನೋಡಬೇಕಾದದ್ದು, ಆ ಹುಡುಗ ಯಾರನ್ನು ಪಿಂಗ್ ಮಾಡಿಸಿದ್ದಾನೆ ಎಂಬುದು. ಒಎನ್‌ಟಿಯನ್ನೇ ಮಾಡಿಸಿದ್ದರೆ ಮೇಲಿನ ಕಥೆಯೇ ನಿಮ್ಮದೂ. ಮೈಕ್ರೋಟಿಕ್‌ನಲ್ಲಿ ಇದಕ್ಕೆ ರಿಕರ್ಸಿವ್ ಮಾರ್ಗ ಎಂಬ ಉಪಾಯವಿದೆ, ಒಂದು ಮಾರ್ಗ ಇನ್ನೊಂದು ಮಾರ್ಗವನ್ನು ಆಧರಿಸಿ ನಿಲ್ಲುವಂಥದ್ದು. 8.8.8.8ಗೆ ಫೈಬರಿನ ಗೇಟ್‌ವೇ ಮೂಲಕ ಒಂದು ಮಾರ್ಗ ಬರೆದು ಅದರ ಸ್ಕೋಪ್ (ಯಾವ ಮಾರ್ಗ ಯಾವುದನ್ನು ಆಧರಿಸಬಹುದು ಎಂದು ಹೇಳುವ ಅಂಕಿ) 10 ಎಂದಿಡಿ. ನಂತರ ಮುಖ್ಯ ಮಾರ್ಗಕ್ಕೆ ಗೇಟ್‌ವೇ ಎಂದು 8.8.8.8 ಅನ್ನೇ ಕೊಟ್ಟು, ಟಾರ್ಗೆಟ್ ಸ್ಕೋಪ್ 11 ಎಂದು ಇಟ್ಟು, ತಪಾಸಣೆಯನ್ನು ಅದಕ್ಕೆ ಹಾಕಿ. ಡಿಸ್ಟೆನ್ಸ್ (ಚಿಕ್ಕದಿದ್ದಷ್ಟೂ ಆದ್ಯತೆ ಹೆಚ್ಚು) 1 ಇರಲಿ. 4ಜಿ ಮಾರ್ಗಕ್ಕೆ ಡಿಸ್ಟೆನ್ಸ್ 2. ಫೈಬರ್ ಎಲ್ಲಿಯೇ ಕಡಿದರೂ 8.8.8.8 ಉತ್ತರಿಸುವುದಿಲ್ಲ, ಮುಖ್ಯ ಮಾರ್ಗ ಕಳಚಿ 4ಜಿ ಮೇಲೆ ಬರುತ್ತದೆ. ಈ ಸ್ಕೋಪ್ ಸಂಖ್ಯೆಗಳು ಏಳನೆಯ ಆವೃತ್ತಿಗೆ.

ಇನ್ನು ವೇಗದ ಮಾತು. ಎರಡು ಸೆಕೆಂಡಿಗೊಮ್ಮೆ ನೋಡಿ, ಮೂರು ಬಾರಿ ತಪ್ಪಿದರೆ ಬದಲಿಸು ಎಂದಿಟ್ಟರೆ ಆರೆಂಟು ಸೆಕೆಂಡಿನಲ್ಲಿ ಕೆಲಸವಾಗುತ್ತದೆ. ಒಂದೇ ಪಿಂಗ್ ತಪ್ಪಿದ್ದಕ್ಕೆ ಬದಲಿಸಿದರೆ ಒಳ್ಳೆಯ ಲೈನೂ ದಿನಕ್ಕೆ ಹಲವು ಸಲ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ನಿಮ್ಮ ಹೊರಗಿನ ವಿಳಾಸ ಬೇರೆಯಾಗುತ್ತದೆ, ಲಾಗಿನ್ ಹಾರಿಹೋಗಬಹುದು. ದರ ನಮೂದಿಸುವ ನಡುವೆ ಮತ್ತೆ ಪಾಸ್‌ವರ್ಡ್ ಹಾಕಿ ಕೂರುವುದಕ್ಕಿಂತ ಎಂಟು ಸೆಕೆಂಡ್ ಕಾಯುವುದೇ ಅಗ್ಗ.

ಮೆಣಸಿನಕಾಯಿ ಪೇಟೆ, ಬ್ಯಾಡಗಿ

ಎಂಟು ಸೆಕೆಂಡ್ ಒಪ್ಪಿಗೆ. ಆದರೆ ಹೋದ ಫೈಬರ್ ತಿರುಗಿ ಬಂದಾಗ? ಕಳೆದ ಸಲ ಬಂತು, ಹೋಯಿತು, ಬಂತು, ಹೋಯಿತು ಎಂದು ಜೀವ ತಿಂದಿತು.

ಬೆಟಗೇರಿ ತಂತಿ, ಗದಗ

ಅದು ನಾವು ಜೋಡಿಸುತ್ತಿರುವ ಹೊತ್ತು. ಸ್ಪ್ಲೈಸ್ ಮಾಡಿ, ಬೆಳಕಿನ ಮಟ್ಟ ನೋಡಿ, ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಮಾಡುತ್ತೇವೆ. ಆಗ ನಿಮ್ಮಲ್ಲಿ ದೀಪ ಹತ್ತಿ ಆರುತ್ತದೆ. ಲೈನು ಬಂತೆಂದು ನೀವು ಫೋನ್ ಮಾಡುವಾಗ ನಾವಿನ್ನೂ ಕಂಬದ ಮೇಲೆಯೇ ಇರುತ್ತೇವೆ.

ಟೋಲ್‌ನಾಕಾ, ಧಾರವಾಡ

ಇದಕ್ಕೇ ಬೀಳುವುದಕ್ಕೂ ಏಳುವುದಕ್ಕೂ ಬೇರೆ ಬೇರೆ ಅಳತೆ ಇಡುವುದು. ಎಚ್‌ಎ ಪ್ರಾಕ್ಸಿಯ ಡೀಫಾಲ್ಟ್ ನೋಡಿ: 2 ಸೆಕೆಂಡಿಗೊಮ್ಮೆ ತಪಾಸಣೆ, 3 ಬಾರಿ ಸೋತರೆ ಸತ್ತಂತೆ, 2 ಬಾರಿ ಗೆದ್ದರೆ ಬದುಕಿದಂತೆ. ಪಕ್ಕದ ಕೋಣೆಯ ಸರ್ವರ್‌ಗೆ ಇದು ಸರಿ, ಬೀದಿಯ ಫೈಬರಿಗೆ ತಲೆಕೆಳಗು. ಫೈಬರಿಗೆ ಬೇಗ ಬಿಡಬೇಕು, ನಿಧಾನ ನಂಬಬೇಕು. ನಾನಾದರೆ ಬ್ಯಾಡಗಿಯವರಿಗೆ ಐದು ನಿಮಿಷ ಎಡೆಬಿಡದೆ ಉತ್ತರ ಬಂದ ಮೇಲೆಯೇ ಫೈಬರಿಗೆ ಮರಳು ಎಂದು ಸ್ಕ್ರಿಪ್ಟ್ ಬರೆದುಕೊಡುತ್ತೇನೆ. ಟೆಂಡರ್ ದಿನ ಅರ್ಧ ಗಂಟೆ ಇಟ್ಟರೂ ತಪ್ಪಿಲ್ಲ. 4ಜಿಯಲ್ಲಿ ದರ ನಮೂದಿಸಲು ಎಷ್ಟು ಡೇಟಾ ಬೇಕಾದೀತು?

ಹುಬ್ಬಳ್ಳಿಯವರಿಗೆ ಇದು ತಾನಾಗಿಯೇ ಸ್ವಲ್ಪ ಸಿಕ್ಕಿದೆ. ಪಿಎಫ್‌ಸೆನ್ಸ್ ಅರ್ಧ ಸೆಕೆಂಡಿಗೊಂದು ಪಿಂಗ್ ಕಳಿಸಿ, ಕೊನೆಯ 60 ಸೆಕೆಂಡಿನ ಲೆಕ್ಕ ಇಟ್ಟುಕೊಳ್ಳುತ್ತದೆ, ಅಂದರೆ 120 ಪಿಂಗ್‌ಗಳ ಒಂದು ಕಿಟಕಿ. ಲೈನು ಪೂರ್ತಿ ಸತ್ತರೆ ನಷ್ಟ ಶೇ 20 ಮುಟ್ಟಲು 24 ಪಿಂಗ್ ತಪ್ಪಬೇಕು, ಅದು 12 ಸೆಕೆಂಡ್. ಉತ್ತರಕ್ಕಾಗಿ ಕಾಯುವ 2 ಸೆಕೆಂಡ್ ಸೇರಿಸಿದರೆ 14ರ ಹತ್ತಿರ. ಬಹಳ ಹೊತ್ತು ಸತ್ತಿದ್ದ ಲೈನು ಎದ್ದಾಗ ಕಿಟಕಿಯ ತುಂಬ ನಷ್ಟವೇ ಇರುತ್ತದೆ. ಅದು ಶೇ 20ಕ್ಕೆ ಇಳಿಯಲು 48 ಸೆಕೆಂಡ್ ಒಳ್ಳೆಯ ಉತ್ತರ ಬೇಕು. 14ಕ್ಕೆ ಬಿಡುತ್ತದೆ, 48ಕ್ಕೆ ನಂಬುತ್ತದೆ. ಈ 60 ಸೆಕೆಂಡಿನ ಕಿಟಕಿಯನ್ನು ಬೇಗ ಆಗಲಿ ಎಂದು 10ಕ್ಕೆ ಇಳಿಸಿದವರನ್ನು ಕಂಡಿದ್ದೇನೆ. ಇಪ್ಪತ್ತು ಪಿಂಗ್‌ನಲ್ಲಿ ಐದು ತಪ್ಪಿದರೆ ಲೈನು ಕೆಂಪಾಗುತ್ತದೆ, ಮಳೆ ಬಂದ ದಿನ 4ಜಿಯಲ್ಲಿ ಅದು ದೊಡ್ಡ ಮಾತೇ ಅಲ್ಲ.

ಹಳೇ ಮೋಡೆಮ್, ಹುಬ್ಬಳ್ಳಿ

ಅರ್ಧ ಸೆಕೆಂಡಿಗೊಂದು ಪಿಂಗ್ ಎಂದರೆ 4ಜಿ ಸಿಮ್‌ನ ಡೇಟಾ ಅದಕ್ಕೇ ತೀರಿಹೋಗುವುದಿಲ್ಲವೇ ತಮ್ಮಾ? ಲೈನು ಕಾಯಲು ಇಟ್ಟ ಕಾವಲುಗಾರ ಉಗ್ರಾಣವನ್ನೇ ತಿನ್ನಬಾರದು.

ಟೋಲ್‌ನಾಕಾ, ಧಾರವಾಡ

ಲೆಕ್ಕ ಹಾಕೋಣ ಗುರುಗಳೇ. ದಿನಕ್ಕೆ 1,72,800 ಪಿಂಗ್. ಒಂದೊಂದೂ 28 ಬೈಟ್ ತಲೆಬರಹ, ಒಳಗೆ ಹೆಚ್ಚೇನೂ ಇಲ್ಲ. ಹೋಗುವುದು ಐದು ಎಂಬಿ, ಬರುವುದು ಐದು ಎಂಬಿ. ತಿಂಗಳಿಗೆ 300 ಎಂಬಿ ಆಸುಪಾಸು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಸಿಮ್‌ಗೆ ಲೆಕ್ಕಕ್ಕಿಲ್ಲ. ಆದರೂ ಕಾಯುವ ಲೈನಿಗೆ ಅರ್ಧ ಸೆಕೆಂಡಿನ ಆತುರ ಬೇಕಿಲ್ಲ, ಎರಡು ಸೆಕೆಂಡಿಗೊಂದು ಸಾಕು. ಹಾಗೆ ಮಾಡಿದರೆ 60 ಸೆಕೆಂಡಿನಲ್ಲಿ ಮೂವತ್ತೇ ಪಿಂಗ್ ಆಗುತ್ತವೆ, ಕಿಟಕಿಯನ್ನು ಅಷ್ಟೇ ಹಿಗ್ಗಿಸಿ. ತಪಾಸಣೆಯನ್ನೇ ನಿಲ್ಲಿಸಬೇಡಿ. ಯಾರೂ ನೋಡದೆ ಬಿಟ್ಟ 4ಜಿ, ಬೇಕಾದ ದಿನ ರೀಚಾರ್ಜ್ ಮುಗಿದು ಕೂತಿರುತ್ತದೆ.

ಸಾಧನಕೇರಿ, ಧಾರವಾಡ

ವಿದ್ಯಾನಗರದವರಿಗೆ ಇನ್ನೊಂದು ವಿಷಯ ಹೇಳಬೇಕಿತ್ತು. ಒಂದೇ ಟಿಯರ್‌ನಲ್ಲಿ ಎರಡು ಫೈಬರ್ ಇಟ್ಟು ಹಂಚುತ್ತಿದ್ದೀರಿ. ತಪಾಸಣೆ ಎಷ್ಟು ಚೆನ್ನಾಗಿದ್ದರೂ, ಲೈನುಗಳೆರಡೂ ಚೆನ್ನಾಗಿದ್ದರೂ, ಬ್ಯಾಂಕಿನ ಪುಟದಲ್ಲಿ ಒಂದು ಸಂಪರ್ಕ ಈ ಲೈನಿಂದ, ಮುಂದಿನದು ಆ ಲೈನಿಂದ ಹೋಗುತ್ತದೆ. ನಡುವೆ ವಿಳಾಸ ಬದಲಾಯಿತೆಂದು ಕೆಲವು ಬ್ಯಾಂಕುಗಳು ಹೊರದಬ್ಬುತ್ತವೆ. ಸ್ಟಿಕಿ ಸಂಪರ್ಕ ಎಂಬ ಆಯ್ಕೆ ಇದೆ, ಒಂದು ಕಂಪ್ಯೂಟರಿನ ಸಂಪರ್ಕಗಳು ಜೀವಂತ ಇರುವವರೆಗೆ ಅದೇ ಲೈನಿಗೆ ಅಂಟಿಸುತ್ತದೆ. ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ. ಉಳಿದ ನಿಯಮಗಳಿಗಿಂತ ಮೇಲೆ, 443ನೇ ಪೋರ್ಟಿನ (ಸುರಕ್ಷಿತ ವೆಬ್ ಪುಟಗಳು ಬಳಸುವ ದ್ವಾರ) ಸಂಚಾರಕ್ಕೆ ಹಂಚಿಕೆ ಇಲ್ಲದ, ಬರೀ ಫೇಲ್‌ಓವರ್ ಇರುವ ಗುಂಪು ಕೊಡಿ. ಇವತ್ತು ಬಹುಪಾಲು ಸಂಚಾರ 443ರಲ್ಲೇ ಹೋಗುವುದರಿಂದ ಹಂಚಲು ಉಳಿಯುವುದು ಕಡಿಮೆ ಎನ್ನುತ್ತೀರಾ? ಹಾಗಾದರೆ ಅರ್ಧ ಕಚೇರಿಗೆ ಮೊದಲ ಫೈಬರ್ ಮುಂದೆ, ಉಳಿದ ಅರ್ಧಕ್ಕೆ ಎರಡನೆಯದು ಮುಂದೆ ಇರುವಂತೆ ಎರಡು ಗುಂಪು ಮಾಡಿ. ಹೊರೆಯೂ ಹಂಚಿಹೋಗುತ್ತದೆ, ಯಾರ ವಿಳಾಸವೂ ಅಲುಗುವುದಿಲ್ಲ. ನಮ್ಮ ಕಾಲೇಜಿನ ಲ್ಯಾಬ್‌ಗಳಲ್ಲಿ ಹಾಗೆಯೇ ಇದೆ.

ವಿದ್ಯಾನಗರ, ಹುಬ್ಬಳ್ಳಿ

ಈ ಉಪಾಯ ಬಹಳ ಹಿಡಿಸಿತು. ಆಡಿಟ್‌ನವರು ಒಂದು ಕಡೆ, ಜಿಎಸ್‌ಟಿಯವರು ಒಂದು ಕಡೆ.

ಪರೀಕ್ಷೆ ಹೇಗೆ ಮಾಡಲಿ? ರೌಟರಿನ ಹಿಂದಿನ ತಂತಿ ಕಿತ್ತರೆ ತಕ್ಷಣ ಬದಲಾಗುತ್ತಿದೆ.

ಬೆಟಗೇರಿ ತಂತಿ, ಗದಗ

ಆ ತಂತಿ ಕಿತ್ತರೆ ರೌಟರಿಗೆ ಕಣ್ಣಿಗೇ ಕಾಣುತ್ತದೆ, ಪೋರ್ಟಿನ ದೀಪವೇ ಆರುತ್ತದೆ. ಅದರಲ್ಲಿ ತಪಾಸಣೆಯ ಕೆಲಸವೇನೂ ಇಲ್ಲ. ಒಎನ್‌ಟಿಯ ಹಿಂದೆ ಹಸಿರು ಅಥವಾ ನೀಲಿ ತಲೆಯ ಸಣ್ಣ ಕೇಬಲ್ ಇರುತ್ತದೆ, ಅದನ್ನು ಮೆಲ್ಲಗೆ ಕಳಚಿ. ಕೆಂಪು ದೀಪ ಹತ್ತಬೇಕು. ತುದಿಯನ್ನು ಬೆರಳಿಂದ ಮುಟ್ಟಬೇಡಿ, ಕಣ್ಣಿನೆದುರು ಹಿಡಿದು ನೋಡಬೇಡಿ, ಮುಚ್ಚಳ ಹಾಕಿಡಿ. ಧೂಳು ಕೂತರೆ ಆಮೇಲೆ ನನ್ನಂಥವನನ್ನೇ ಕರೆಯಬೇಕಾಗುತ್ತದೆ.

ಸಾಧನಕೇರಿ, ಧಾರವಾಡ

ಅದನ್ನು ಮಾಡುವಾಗ ಒಂದು ಕಂಪ್ಯೂಟರಿನಲ್ಲಿ ದೊಡ್ಡ ಡೌನ್‌ಲೋಡ್, ಇನ್ನೊಂದರಲ್ಲಿ ವಿಡಿಯೋ ಕರೆ ನಡೆಯುತ್ತಿರಲಿ. ಹೊಸ ಪುಟಗಳು ಬೇಗ ತೆರೆದರೂ ಹಳೆಯ ಸಂಪರ್ಕಗಳು ಸತ್ತ ಲೈನಿಗೇ ನೇತುಬಿದ್ದಿರಬಹುದು. ಗೇಟ್‌ವೇ ಬಿದ್ದಾಗ ಅದರ ಸ್ಟೇಟ್‌ಗಳನ್ನು (ನಡೆಯುತ್ತಿರುವ ಸಂಪರ್ಕಗಳ ದಾಖಲೆ) ಅಳಿಸು ಎಂಬ ಆಯ್ಕೆ ಹಾಕಿದರೆ ಅವೂ ಕಡಿದು ಹೊಸ ದಾರಿ ಹಿಡಿಯುತ್ತವೆ. ಫೈಬರ್ ಮರಳಿದ ಮೇಲೂ ಕೆಲವು ಸಂಪರ್ಕ 4ಜಿಯಲ್ಲೇ ಉಳಿದು ಡೇಟಾ ತಿನ್ನುತ್ತಿರುತ್ತವೆ. ಹೊಸ ಆವೃತ್ತಿಗಳಲ್ಲಿ ಅದಕ್ಕೂ ಆಯ್ಕೆ ಇದೆ, ಆದರೆ ಕೆಲಸದ ಹೊತ್ತಿನಲ್ಲಿ ಅದನ್ನು ಹಾಕುವ ಮೊದಲು ವಿಚಾರ ಮಾಡಿ.

ಟೋಲ್‌ನಾಕಾ ಸಾಹೇಬರೇ, ನನ್ನದೂ ಒಂದು ಪ್ರಶ್ನೆ. ಕಾಲೇಜಿನ ಫಲಿತಾಂಶದ ಪುಟಕ್ಕೆ ಎರಡು ಸರ್ವರ್, ಮುಂದೆ ಎಚ್‌ಎ ಪ್ರಾಕ್ಸಿ ಇಟ್ಟಿದ್ದೇವೆ. ತಪಾಸಣೆಯ ಪುಟ ಡೇಟಾಬೇಸನ್ನೂ ಮುಟ್ಟಿ ನೋಡಬೇಕೇ?

ಟೋಲ್‌ನಾಕಾ, ಧಾರವಾಡ

ಎರಡೂ ಸರ್ವರ್ ಒಂದೇ ಡೇಟಾಬೇಸ್ ಬಳಸುತ್ತಿದ್ದರೆ ಬೇಡ. ಫಲಿತಾಂಶದ ದಿನ ಡೇಟಾಬೇಸ್ ಸ್ವಲ್ಪ ತಡವಾದರೆ ಎರಡೂ ಸರ್ವರ್ ಒಟ್ಟಿಗೆ ಸೋಲುತ್ತವೆ, ಎಚ್‌ಎ ಪ್ರಾಕ್ಸಿ ಎರಡನ್ನೂ ತೆಗೆದುಹಾಕಿ ಎಲ್ಲ ವಿದ್ಯಾರ್ಥಿಗಳಿಗೂ 503 (ಸೇವೆ ಲಭ್ಯವಿಲ್ಲ) ತೋರಿಸುತ್ತದೆ. ನಿಧಾನವಾದ ಪುಟ ಇಲ್ಲದ ಪುಟ ಆಗುತ್ತದೆ. ಒಂದು ಸರ್ವರನ್ನು ತೆಗೆದರೆ ಇನ್ನೊಂದು ಆ ಕೆಲಸ ಮಾಡಬಲ್ಲದು ಎಂದಿದ್ದರೆ ಮಾತ್ರ ಆ ದೋಷವನ್ನು ತಪಾಸಣೆಗೆ ಸೇರಿಸಿ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಈ ವಿಷಯದಲ್ಲಿ ಜಾಣ: ಎಲ್ಲ ಸರ್ವರ್‌ಗಳೂ ಸತ್ತಂತೆ ಕಂಡರೆ, ತನ್ನ ತಪಾಸಣೆಯನ್ನೇ ಬದಿಗಿಟ್ಟು ಎಲ್ಲಕ್ಕೂ ಸಂಚಾರ ಕಳಿಸುತ್ತದೆ. ಡೇಟಾಬೇಸಿಗೆ ಬೇರೆಯದೇ ಎಚ್ಚರಿಕೆಯ ಸಂದೇಶ ಇಡಿ, ಅದು ನಿಮ್ಮ ಮೊಬೈಲಿಗೆ ಬರಲಿ.

ವಿದ್ಯಾನಗರ, ಹುಬ್ಬಳ್ಳಿ

ಶನಿವಾರ ಮಧ್ಯಾಹ್ನ ಕಚೇರಿ ಖಾಲಿಯಾದ ಮೇಲೆ ಎಲ್ಲ ಮಾಡಿ ಮುಗಿಸಿದೆ. ಟ್ರಿಗರ್ ಮೆಂಬರ್ ಡೌನ್, ಫೈಬರುಗಳ ಮೇಲಿನ ಲೇಟೆನ್ಸಿ ಮಿತಿ 1500, ಬ್ಯಾಕಪ್‌ಗೆ ಲಿಮಿಟರ್, ಕಂಪ್ಯೂಟರುಗಳ ಡಿಎನ್‌ಎಸ್ ಎಲ್ಲ ಪಿಎಫ್‌ಸೆನ್ಸ್ ಕಡೆಗೆ, ಕಚೇರಿ ಎರಡು ಗುಂಪು. ಒಎನ್‌ಟಿಯ ಫೈಬರ್ ಕಳಚಿದಾಗ 15 ಸೆಕೆಂಡಿನೊಳಗೆ ಲೈನು ಬದಲಾಯಿತು, ವಿಡಿಯೋ ಕರೆ ಒಮ್ಮೆ ನಿಂತು ಮತ್ತೆ ಸೇರಿಕೊಂಡಿತು. ಸಂಜೆ ಬ್ಯಾಕಪ್ ಓಡುವಾಗ ಲೇಟೆನ್ಸಿ 40 ದಾಟಲಿಲ್ಲ.

ಕಂಬದ ವಿಷಯ ಮಾತ್ರ ಉಳಿದಿದೆ. ಎರಡನೆಯ ಕಂಪನಿಯವರಿಗೆ ಹಿಂದಿನ ಬೀದಿಯಿಂದ ತರಲು ಕೇಳಿದರೆ ಹೆಚ್ಚಿನ ಕೇಬಲ್‌ನ ಹಣ ಕೇಳುತ್ತಿದ್ದಾರೆ. ಬೆಟಗೇರಿ ಅಣ್ಣನವರೇ, ಅದು ಕೊಡುವಂಥದ್ದೇ?

ಬೆಟಗೇರಿ ತಂತಿ, ಗದಗ

ಹಿಂದಿನ ಬೀದಿಯ ಕೇಬಲ್ ಮುಂದೆ ಹೋಗಿ ಯಾವ ಪೆಟ್ಟಿಗೆಗೆ ಸೇರುತ್ತದೆ ಎಂದು ಮೊದಲು ಕೇಳಿ. ಅದೇ ವೃತ್ತದ ಅದೇ ಪೆಟ್ಟಿಗೆಗೆ ಸೇರುವುದಾದರೆ ದುಡ್ಡು ದಂಡ. ಬೇರೆ ಪೆಟ್ಟಿಗೆ ಎಂದರೆ ಕೊಡಿ, ಮೀಟರಿಗೆ ಎಷ್ಟು ಎಂದು ಬರೆಸಿಕೊಂಡು ಕೊಡಿ.